ಮೂರು ಸಲ ಬಿಚ್ಚಿದ ಎಂಜಿನ್, ಒಂದು ಸಲವೂ ಬಿಚ್ಚದ ಪೆಟ್ರೋಲ್ ಪಂಪ್

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಕಾರೊಂದಿದೆ. ನಾಲ್ಕು ಸಿಲಿಂಡರ್, ಪುಶ್‌ರಾಡ್ ಎಂಜಿನ್, ಬ್ಲಾಕು ಹೆಡ್ಡು ಎರಡೂ ಎರಕದ ಕಬ್ಬಿಣ, ಒಂದು ಕಾರ್ಬ್ಯುರೇಟರ್. ಅಪ್ಪನ ಕಾಲದ ಗಾಡಿ. ಹನ್ನೆರಡು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಎರಡು ವರ್ಷದ ಹಿಂದೆ ಪೂರ್ತಿ ಎಂಜಿನ್ ಕೆಲಸ ಮಾಡಿಸಿದೆ. ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗು, ಬೇರಿಂಗು, ಕ್ಯಾಮ್, ಟ್ಯಾಪೆಟ್, ಆಯಿಲ್ ಪಂಪ್ ಎಲ್ಲ ಹಾಕಿಸಿದ್ದಾಯಿತು. 600 ಕಿ.ಮೀ. ಓಡುವಷ್ಟರಲ್ಲಿ ಕೆಳಗಿನಿಂದ ಕಟಕಟ ಸದ್ದು. ಇಳಿಸಿ ನೋಡಿದರೆ ಬಿಗ್ ಎಂಡ್ ಬೇರಿಂಗ್, ಅಂದರೆ ಪಿಸ್ಟನ್ ರಾಡಿನ ಕೆಳತುದಿ ಕ್ರ್ಯಾಂಕ್ ದಂಡವನ್ನು ಹಿಡಿಯುವಲ್ಲಿನದು, ಹೋಗಿತ್ತು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ 20 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಸಣ್ಣ ಸೈಜಿನ ಬೇರಿಂಗ್ ಹಾಕಿದರು, ಆಯಿಲ್ ಕೂಲರ್ ತೊಳೆದು ಅದನ್ನೇ ಮತ್ತೆ ಕೂರಿಸಿದರು. 1,100 ಕಿ.ಮೀ.ಗೆ ಮತ್ತದೇ ಕಥೆ. ಈ ಸಲ 30 ಥೌ. ಈಗ ಸದ್ದಿಲ್ಲ, ಆದರೆ 300 ಕಿ.ಮೀ.ಗೆ ಹೆಡ್ ಗ್ಯಾಸ್ಕೆಟ್ ಹೋಯಿತು. ಹೊಸದು ಹಾಕಿದ ಮೇಲೂ ಏರಿನಲ್ಲಿ ನೀರು ಕುದಿಯುತ್ತದೆ, ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ಆಯಿಲ್ ದೀಪ ಮಿಣುಕುತ್ತದೆ. ಮೆಕ್ಯಾನಿಕ್ ಲೇತಿನವರನ್ನು ದೂರುತ್ತಾರೆ, ಲೇತಿನವರು ಬೇರಿಂಗನ್ನು, ಬೇರಿಂಗ್ ಮಾರಿದವರು ಆಯಿಲನ್ನು. ಹಾಗೆ ನೋಡಿದರೆ ಎಂಜಿನ್ ಆಯಿಲ್ ಕುಡಿಯುವುದೇ ಇಲ್ಲ. ಒಮ್ಮೆ ನೋಡಿದಾಗ ಹಾಕಿದ್ದಕ್ಕಿಂತ ಕೊಂಚ ಮೇಲೇ ಇತ್ತು. ಪೆಟ್ರೋಲ್ ಪಂಪ್, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ರೇಡಿಯೇಟರ್ ಹಳೆಯವೇ, ಅವುಗಳಿಂದ ಯಾವತ್ತೂ ತೊಂದರೆಯಾಗಿಲ್ಲ. ಬ್ಲಾಕೇ ಸತ್ತುಹೋಗಿದೆಯೇ? ದಪ್ಪ ಆಯಿಲ್ ಹಾಕಿದರೆ ಸರಿಹೋದೀತೇ? ಅಥವಾ ಹೊಸ ಕಾಲದ ಎಂಜಿನ್ ಕೂರಿಸಿಬಿಡಲೇ?

ಉತ್ತರ: ನಿಮ್ಮ ಪತ್ರದ ಬಹುಪಾಲು ಏನೇನು ಬದಲಾಯಿಸಿದಿರಿ ಎಂಬ ಲೆಕ್ಕವೇ ಆಗಿದೆ. ನಾನು ಹುಡುಕುತ್ತಿದ್ದದ್ದು ಏನನ್ನು ಬದಲಾಯಿಸಲಿಲ್ಲ ಎಂಬುದನ್ನು. ಅದು ಕೊನೆಯಲ್ಲಿ, ನೀವು ಅವಕ್ಕೆ ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತಿರುವ ಸಾಲಿನಲ್ಲಿ ಸಿಕ್ಕಿತು. ಒಂದೇ ಎಂಜಿನ್ ಮೂರು ಸಲ ಕೆಟ್ಟಿತೆಂದರೆ, ಮೂರು ಸಲವೂ ಹಾಗೇ ಹಿಂದಕ್ಕೆ ಬಂದು ಕೂತ ಸಾಮಾನು ಯಾವುದು ಎಂದು ಮೊದಲು ಕೇಳಬೇಕು. ಹೊಸ ಪಾರ್ಟಿನ ಮೇಲೆ ಅನುಮಾನ ಬರುವುದು ಸಹಜ. ಹಳೆಯದು ಮಾತ್ರ ನಮ್ಮ ಕಣ್ಣೆದುರೇ ಇದ್ದು ಕಾಣಿಸದೆ ಹೋಗುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು ‘ಆಯಿಲ್ ಕುಡಿಯುವುದೇ ಇಲ್ಲ, ಒಮ್ಮೆ ಮೇಲೇ ಇತ್ತು’ ಎಂಬುದು. ಇದನ್ನು ನೀವು ಎಂಜಿನ್ನಿನ ಹೊಗಳಿಕೆಯಾಗಿ ಬರೆದಿದ್ದೀರಿ. ನನಗೆ ಅದನ್ನು ಓದಿ ಗಾಬರಿಯಾಯಿತು. ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಮಟ್ಟ ಏರಿದೆಯೆಂದರೆ ಇನ್ನೇನೋ ಬಂದು ಸೇರಿದೆ. ಹಾಗೆ ಸೇರಬಹುದಾದದ್ದು ಎರಡೇ, ನೀರು ಇಲ್ಲವೇ ಪೆಟ್ರೋಲು. ನೀರಾದರೆ ಆಯಿಲ್ ಮುಚ್ಚಳದ ಒಳಗೆ, ಡಿಪ್‌ಸ್ಟಿಕ್ಕಿನ ಮೇಲೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಾಣಬೇಕು, ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿರಬೇಕು. ಮೊದಲೆರಡು ಸಲ ಅಂಥದ್ದೇನೂ ಕಂಡದ್ದನ್ನು ನೀವು ಹೇಳಿಲ್ಲ. ಹಾಗಾಗಿ ನನ್ನ ಮೊದಲ ಅನುಮಾನ ಪೆಟ್ರೋಲಿನ ಮೇಲೆ.

ನಿಮ್ಮ ಕಾರಿನ ಕಾಲದ ಗಾಡಿಗಳಲ್ಲಿ ಪೆಟ್ರೋಲ್ ಪಂಪನ್ನು, ಅಂದರೆ ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲು ಎಳೆದುಕೊಡುವ ಪಂಪನ್ನು, ಬ್ಲಾಕಿನ ಪಕ್ಕಕ್ಕೆ ಎರಡು ಬೋಲ್ಟುಗಳಲ್ಲಿ ಬಿಗಿದಿರುತ್ತಾರೆ. ಅದರ ಲಿವರ್ ಬ್ಲಾಕಿನ ಒಳಗೆ ಚಾಚಿಕೊಂಡಿದ್ದು, ಕ್ಯಾಮ್ (ವಾಲ್ವುಗಳನ್ನು ತೆರೆಯುವ ಉಬ್ಬುಗಳಿರುವ ದಂಡ) ತಿರುಗಿದಂತೆ ಮೇಲೆ ಕೆಳಗೆ ಆಡುತ್ತದೆ. ಲಿವರಿನ ತುದಿಯಲ್ಲಿ ಒಂದು ಡಯಾಫ್ರಮ್. ಅದರ ಮೇಲ್ಗಡೆ ಪೆಟ್ರೋಲು, ಕೆಳಗಡೆ ಎಂಜಿನ್ನಿನ ಹೊಟ್ಟೆ. ನಡುವೆ ಇರುವುದು ಆ ತೆಳು ಪೊರೆ ಮಾತ್ರ. ಹನ್ನೆರಡು ವರ್ಷ ಒಣಗಿ ನಿಂತ ಪೊರೆ ಗಟ್ಟಿಯಾಗಿರುತ್ತದೆ. ಆಮೇಲೆ ಈಗಿನ ಎಥೆನಾಲ್ ಬೆರೆತ ಪೆಟ್ರೋಲು ತಾಗಿದರೆ ಹಳೆಯ ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಕೆಲವು ಪಂಪುಗಳಲ್ಲಿ ಡಯಾಫ್ರಮ್ಮಿನ ಕೆಳಗೆ ಸಣ್ಣ ತೂತಿದ್ದು, ಸೋರಿದ ಪೆಟ್ರೋಲು ಹೊರಗೆ ಹನಿಕ್ಕಿ ಸೂಚನೆ ಕೊಡುತ್ತದೆ. ಆ ತೂತು ಗ್ರೀಸು, ದೂಳು ಕಟ್ಟಿ ಮುಚ್ಚಿಹೋಗಿದ್ದರೆ, ಇಲ್ಲವೇ ನಿಮ್ಮ ಪಂಪಿಗೆ ಅಂಥ ತೂತೇ ಇಲ್ಲದಿದ್ದರೆ, ಪೆಟ್ರೋಲು ನೇರ ಸಂಪಿಗೆ, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತಟ್ಟೆಗೆ, ಇಳಿಯುತ್ತದೆ. ಇಷ್ಟಾದರೂ ಪಂಪು ಕಾರ್ಬ್ಯುರೇಟರಿಗೆ ಬೇಕಾದಷ್ಟು ಪೆಟ್ರೋಲು ಕಳಿಸುತ್ತಲೇ ಇರುವುದರಿಂದ ಕಾರು ಮಿಸ್ಸಿಂಗ್ ಇಲ್ಲದೆ ಓಡುತ್ತದೆ. ‘ಯಾವತ್ತೂ ತೊಂದರೆಯಾಗಿಲ್ಲ’ ಎಂಬ ನಿಮ್ಮ ಮಾತು ಸುಳ್ಳಲ್ಲ. ತೊಂದರೆ ಅನುಭವಿಸಿದ್ದು ಪಂಪಲ್ಲ, ಬೇರಿಂಗು.

ಇದೇ ಕೆಲಸವನ್ನು ಕಾರ್ಬ್ಯುರೇಟರೂ ಮಾಡಬಲ್ಲದು. ಫ್ಲೋಟಿನ ಸೂಜಿ ಸರಿಯಾಗಿ ಮುಚ್ಚದೆ ಉಕ್ಕಿದರೆ, ಚೋಕ್ ಕೇಬಲ್ ಪೂರ್ತಿ ಹಿಂದಕ್ಕೆ ಹೋಗದಿದ್ದರೆ, ಹೆಚ್ಚಾದ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ರಿಂಗುಗಳ ಸಂದಿನಿಂದ ಕೆಳಗಿಳಿಯುತ್ತದೆ. ಆಗ ಸ್ಪಾರ್ಕ್ ಪ್ಲಗ್ಗುಗಳು ಮಸಿ ಹಿಡಿದು ಕಪ್ಪಗಿರುತ್ತವೆ. ಪಂಪಿನಿಂದ ಇಳಿಯುತ್ತಿದ್ದರೆ ಪ್ಲಗ್ಗುಗಳು ಸರಿಯಾದ ಕಂದು ಬಣ್ಣದಲ್ಲೇ ಇರುತ್ತವೆ. ನಾಲ್ಕು ಪ್ಲಗ್ ಬಿಚ್ಚಿ ನೋಡುವುದಕ್ಕೆ ಹತ್ತು ನಿಮಿಷ ಸಾಕು, ಅದನ್ನೂ ನೋಡಿ.

ಪರೀಕ್ಷೆ ಸುಲಭ. ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲಿನ ವಾಸನೆ ಇದ್ದರೆ ಮೂಗೇ ಹೇಳುತ್ತದೆ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವವರನ್ನು ಕಂಡಿದ್ದೇನೆ, ದಯವಿಟ್ಟು ಆ ಸಾಹಸ ಬೇಡ. ಆಮೇಲೆ ಪಂಪು ಬಿಚ್ಚಿ, ಒಳಬರುವ ಪೈಪನ್ನು ಪೆಟ್ರೋಲ್ ಡಬ್ಬಿಯಲ್ಲಿ ಮುಳುಗಿಸಿ, ಲಿವರನ್ನು ಕೈಯಲ್ಲೇ ಆಡಿಸಿ. ಪೆಟ್ರೋಲು ಬರತೊಡಗಿದ ಮೇಲೆ ಹೊರಹೋಗುವ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದು ಇನ್ನೂ ನಾಲ್ಕಾರು ಸಲ ಆಡಿಸಿ. ಪಂಪನ್ನು ತಿರುಗಿಸಿ ಲಿವರಿನ ಬುಡ ನೋಡಿ. ಅಲ್ಲಿ ಹಸಿಯಾಗಿದ್ದರೆ ಸಿಕ್ಕಿಬಿದ್ದಿತು ಎಂದೇ ಲೆಕ್ಕ. ಸಂಶಯ ಉಳಿದರೆ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದರಲ್ಲಿ ಎಷ್ಟು ಪೆಟ್ರೋಲು, ಎಷ್ಟು ಕೂಲೆಂಟು, ಯಾವ ಯಾವ ಲೋಹದ ಪುಡಿ ಇದೆ ಎಂದು ಅವರು ಬರೆದುಕೊಡುತ್ತಾರೆ.

ಪೆಟ್ರೋಲು ಸೇರಿದರೆ ಬೇರಿಂಗ್ ಏಕೆ ಸಾಯಬೇಕು? ಬೇರಿಂಗು ಮತ್ತು ಕ್ರ್ಯಾಂಕು ಒಂದಕ್ಕೊಂದು ತಾಗುವುದೇ ಇಲ್ಲ, ತಾಗಬಾರದು. ನಡುವೆ ಆಯಿಲಿನ ಪದರವಿರುತ್ತದೆ, ಕ್ರ್ಯಾಂಕು ಅದರ ಮೇಲೆ ತೇಲುತ್ತದೆ. ಎರಡು ಇಂಚಿನ, ಅಂದರೆ ಸುಮಾರು 50 ಮಿ.ಮೀ. ಜರ್ನಲ್ಲಿಗೆ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಸಂದು ಸುಮಾರು 2 ಥೌ, ಅಂದರೆ 0.05 ಮಿ.ಮೀ. ಇರಬೇಕೆಂಬುದು ಹಳೆಯ ಲೆಕ್ಕ. ನಿಮ್ಮ ತಲೆಗೂದಲು ಅದಕ್ಕಿಂತ ದಪ್ಪವಿದ್ದೀತು. ಇಷ್ಟು ಸಣ್ಣ ಜಾಗದಲ್ಲಿ ಭಾರ ಹೊರುವುದು ಆಯಿಲಿನ ಗಟ್ಟಿತನ. ನೂರಕ್ಕೆ ಐದು ಪಾಲು ಪೆಟ್ರೋಲು ಸೇರಿದರೂ ಆಯಿಲಿನ ಗ್ರೇಡು ಒಂದು ಮೆಟ್ಟಿಲು ಇಳಿದ ಹಾಗೆಯೇ. ಅದರಲ್ಲೂ ಮೊದಲು ಹೋಗುವುದು ಬಿಗ್ ಎಂಡ್. ಆಯಿಲು ಗ್ಯಾಲರಿಯಿಂದ (ಬ್ಲಾಕಿನೊಳಗೆ ಕೊರೆದ ಆಯಿಲ್ ದಾರಿ) ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿರುವ ಮೇನ್ ಬೇರಿಂಗಿಗೆ ಬಂದು, ಅಲ್ಲಿಂದ ಕ್ರ್ಯಾಂಕಿನೊಳಗಿನ ತೂತು ಹಾದು ಕೊನೆಗೆ ಬಿಗ್ ಎಂಡ್ ತಲುಪುತ್ತದೆ. ಕಾಲುವೆಯ ಕೊನೆಯ ಗದ್ದೆಯ ಪಾಡು ಅದರದ್ದು.

ದಪ್ಪ ಆಯಿಲಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬೇರಿಂಗಿನ ಸಂದಿನಿಂದ ಸೋರಿಹೋಗುವ ಆಯಿಲು ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. 0.05 ಇರಬೇಕಾದಲ್ಲಿ 0.08 ಆಗಿದ್ದರೂ ನಾಲ್ಕು ಪಟ್ಟು ಸೋರುತ್ತದೆ, ಐಡ್ಲಿಂಗ್‌ನಲ್ಲಿ ಆಯಿಲ್ ಪಂಪಿಗೆ ಅಷ್ಟನ್ನು ತುಂಬಿಕೊಡುವ ಶಕ್ತಿಯಿಲ್ಲ, ಆಗ ದೀಪ ಮಿಣುಕುತ್ತದೆ. ದಪ್ಪ ಆಯಿಲ್ ಹಾಕಿದರೆ ದೀಪ ಆರಬಹುದು. ಆದರೆ ಸಂದು ಅಷ್ಟೇ ಇರುತ್ತದೆ, ಪೆಟ್ರೋಲು ಇಳಿಯುತ್ತಲೇ ಇರುತ್ತದೆ, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆ ದಪ್ಪ ಆಯಿಲು ಬಿಗ್ ಎಂಡ್ ತಲುಪಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ನೋವಿನ ಮಾತ್ರೆ ನುಂಗಿ ಮುರಿದ ಕಾಲಲ್ಲಿ ಓಡಿದ ಹಾಗೆ.

ಆಯಿಲ್ ಮಾತು ಬಂದದ್ದರಿಂದ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ‘ಈಗಿನ ಆಯಿಲಿನಲ್ಲಿ ಜಿಂಕ್ ಇಲ್ಲ, ಅದಕ್ಕೇ ಹಳೆ ಎಂಜಿನ್ ಸಾಯುತ್ತವೆ’ ಎಂಬ ಮಾತು ಅರ್ಧ ನಿಜ. ಜಿಂಕ್ ಮತ್ತು ರಂಜಕದ ಆ ಸೇರ್ಪಡೆ ಬೇಕಾಗಿರುವುದು ಕ್ಯಾಮ್ ಮತ್ತು ಟ್ಯಾಪೆಟ್ಟು ಉಜ್ಜುವ ಜಾಗಕ್ಕೆ, ಬೇರಿಂಗಿಗಲ್ಲ. 2004ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಿಂದ ರಂಜಕಕ್ಕೆ 0.08 ಶೇಕಡಾ ಮಿತಿ ಹಾಕಿದ್ದು ನಿಜವೇ. ಆದರೆ ಆ ಮಿತಿ ತೆಳು ಗ್ರೇಡುಗಳಿಗೆ, 20ಡಬ್ಲ್ಯು-50 ಅದರೊಳಗೆ ಬರುವುದಿಲ್ಲ. ಹಳೆಯ ಎಂಜಿನ್ನಿಗೆಂದೇ ಮಾಡಿದ 20ಡಬ್ಲ್ಯು-50 ಹಾಕುತ್ತಿದ್ದರೆ ಈ ಚಿಂತೆ ಬಿಡಿ. ಆಯಿಲ್ ಮೇಲೆ ಹೊರಿಸಿದ ಆರೋಪ ನನಗಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಕಾಣುತ್ತದೆ.

ಇನ್ನು ಎರಡನೆಯ ಸಲದ ಕಥೆ. ಪೆಟ್ರೋಲ್ ಪಂಪು ಆಗಲೂ ಸೋರುತ್ತಿದ್ದಿರಬಹುದು. ಆದರೆ ನಿಮ್ಮ ಪತ್ರದಲ್ಲಿ ಇನ್ನೊಬ್ಬ ಆರೋಪಿಯೂ ಇದ್ದಾನೆ, ತೊಳೆದು ಹಾಕಿದ ಆ ಆಯಿಲ್ ಕೂಲರ್. ಈ ಪಾಠ ನಾನು ನನ್ನ ತಪ್ಪಿನಿಂದಲೇ ಕಲಿತದ್ದು. ಬಹಳ ಹಿಂದೆ ನಾನೇ ಕೂಡಿಸಿದ ಎಂಜಿನ್ನೊಂದು ಬೇರಿಂಗ್ ಕಳೆದುಕೊಂಡು ಬಂದಾಗ, ಕೂಲರನ್ನು ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದು, ಗಾಳಿ ಊದಿ, ಹೊರಬಂದ ಎಣ್ಣೆ ಸ್ವಚ್ಛವಾಗಿದೆ ಎಂದು ಸಮಾಧಾನಪಟ್ಟು ಹಾಕಿದ್ದೆ. 200 ಕಿ.ಮೀ.ಗೆ ಎಂಜಿನ್ ಮತ್ತೆ ನನ್ನ ಬೆಂಚಿನ ಮೇಲಿತ್ತು. ಸಿಟ್ಟಿಗೆ ಕೂಲರನ್ನು ಹ್ಯಾಕ್ಸಾದಲ್ಲಿ ಕೊಯ್ದೆ. ಒಳಗಿನ ತೆಳು ಸಂದುಗಳಲ್ಲಿ, ತಿರುವುಗಳಲ್ಲಿ, ತಾಮ್ರದ ಬಣ್ಣದ ಹಿಟ್ಟು ಆಯಿಲಿನಲ್ಲಿ ಕಲಸಿದ ಹಾಗೆ ಕೂತಿತ್ತು. ತಣ್ಣಗಿರುವಾಗ ಎಷ್ಟು ತೊಳೆದರೂ ಜಗ್ಗದ ಆ ಮುದ್ದೆ, ಬಿಸಿ ಆಯಿಲು ಒತ್ತಡದಲ್ಲಿ ನುಗ್ಗಿದಾಗ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು ಬಂದಿತ್ತು. ಅಂದಿನಿಂದ ಬೇರಿಂಗ್ ಹೋದ ಎಂಜಿನ್ನಿನ ಕೂಲರನ್ನು ನಾನು ತೊಳೆಯುವುದಿಲ್ಲ, ಎಸೆಯುತ್ತೇನೆ. ಅದರ ರಬ್ಬರ್ ಪೈಪುಗಳನ್ನೂ ಅಷ್ಟೇ.

ಬ್ಲಾಕಿನೊಳಗಿನ ಆಯಿಲ್ ಗ್ಯಾಲರಿಗಳದ್ದೂ ಇದೇ ಗುಣ. ಕಾರ್ಖಾನೆಯಲ್ಲಿ ಉದ್ದಕ್ಕೆ ಕೊರೆದ ಗ್ಯಾಲರಿಗಳ ತುದಿಯನ್ನು ಪ್ಲಗ್ ಹಾಕಿ ಮುಚ್ಚಿರುತ್ತಾರೆ. ಅದನ್ನು ಬಿಚ್ಚದೆ ಗಾಳಿ ಊದಿದರೆ ಪ್ಲಗ್ಗಿನ ಹಿಂದಿನ ಮೂಲೆಯಲ್ಲಿ ಕೂತ ಲೋಹದ ಪುಡಿ, ಬೋರ್ ಮಾಡುವಾಗ ಬಂದ ಚೂರು ಅಲ್ಲೇ ಉಳಿಯುತ್ತದೆ. ಕ್ರ್ಯಾಂಕಿನೊಳಗಿನ ಆಯಿಲ್ ದಾರಿಗೂ ಎಷ್ಟೋ ಎಂಜಿನ್‌ಗಳಲ್ಲಿ ಇಂಥ ಪ್ಲಗ್ಗುಗಳಿವೆ. ಬಿಚ್ಚಬೇಕು, ಉದ್ದ ಬ್ರಶ್ ಹಾಕಿ ಉಜ್ಜಬೇಕು, ಹೊಸ ಪ್ಲಗ್ ಕೂರಿಸಬೇಕು. ‘ಗ್ಯಾಲರಿ ಪ್ಲಗ್ ಬಿಚ್ಚಿದ್ದಿರಾ?’ ಎಂದು ನಿಮ್ಮ ಮೆಕ್ಯಾನಿಕ್‌ರನ್ನು ಒಮ್ಮೆ ಕೇಳಿ. ಉತ್ತರ ಬರುವುದಕ್ಕೆ ಹಿಡಿಯುವ ಹೊತ್ತಿನಲ್ಲೇ ಅರ್ಧ ಉತ್ತರ ಇರುತ್ತದೆ. ಹೋನಿಂಗ್ (ಕಲ್ಲಿನಿಂದ ಉಜ್ಜುವುದು) ಆದ ಬೋರನ್ನೂ ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿ ಬಿಡುವವರಿದ್ದಾರೆ. ಕಲ್ಲಿನ ಪುಡಿ ಅದಕ್ಕೆ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಶ್ಶೇ ಆಗಬೇಕು. ತೊಳೆದ ಮೇಲೆ ಬಿಳಿ ಬಟ್ಟೆಗೆ ಆಯಿಲ್ ತಾಗಿಸಿ ಬೋರಿನಲ್ಲಿ ಉಜ್ಜಿದರೆ ಬಟ್ಟೆ ಬಿಳಿಯಾಗಿಯೇ ಹೊರಬರಬೇಕು, ಬೂದು ಬಣ್ಣ ಬಂದರೆ ಮತ್ತೆ ತೊಳೆಯಬೇಕು.

ಈಗ ನೀವು ಮಾಡಬೇಕಾದ ಒಂದು ಕೆಲಸ: ಹೋದ ಬೇರಿಂಗುಗಳನ್ನು ಹುಡುಕಿ ತನ್ನಿ. ಎರಡು ಸಲದ್ದೂ ಬೇಕು. ಗ್ಯಾರೇಜಿನ ಯಾವುದೋ ಡಬ್ಬಿಯಲ್ಲಿ ಬಿದ್ದಿರುತ್ತವೆ. ಸಿಕ್ಕರೆ ಒಂದು ಪೇಪರ್ ಹರಡಿ, ಒಂದರಿಂದ ನಾಲ್ಕರವರೆಗೆ ಸಾಲಾಗಿ ಇಡಿ, ರಾಡಿನ ಕಡೆಯದು ಮೇಲಿನ ಸಾಲು, ಕ್ಯಾಪಿನದು ಕೆಳಗಿನ ಸಾಲು. ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಮಾಡಿಟ್ಟಿಲ್ಲದಿದ್ದರೂ ನೋಡಿ, ಏನಾದರೂ ಹೇಳಿಯೇ ಹೇಳುತ್ತವೆ. ಹಳೆಯ ಮಾದರಿಯ ಶೆಲ್ಲಿನಲ್ಲಿ, ಅಂದರೆ ಬೇರಿಂಗಿನ ಅರ್ಧ ಬಳೆಯಲ್ಲಿ, ಮೂರು ಪದರ: ಹಿಂದೆ ಉಕ್ಕು, ನಡುವೆ ತಾಮ್ರ ಮತ್ತು ಸೀಸದ ಮಿಶ್ರಣ, ಎಲ್ಲಕ್ಕಿಂತ ಮೇಲೆ ಬೂದು ಬಣ್ಣದ ಮೆತ್ತನೆ ಲೇಪ. ಆ ಲೇಪ ಒಂದು ಥೌಗಿಂತ ಹೆಚ್ಚಿರುವುದಿಲ್ಲ. ಅದು ಸವೆದರೆ ಕೆಳಗಿನ ತಾಮ್ರದ ಕೆಂಪು ಇಣುಕುತ್ತದೆ.

ಆ ಕೆಂಪು ಎಲ್ಲಿ ಇಣುಕಿದೆ ಎಂಬುದರಲ್ಲಿ ಕಥೆಯಿದೆ. ಸುತ್ತಲೂ ಗೀರುಗಳಿದ್ದು, ಅಲ್ಲಲ್ಲಿ ಹೊಳೆಯುವ ಚೂರು ನೆಟ್ಟುಕೊಂಡಿದ್ದರೆ ಕೊಳೆ, ಅಂದರೆ ಕೂಲರ್ ಅಥವಾ ಗ್ಯಾಲರಿ. ಗೀರಿಲ್ಲದೆ ಇಡೀ ಮುಖ ಒರೆಸಿದಂತೆ ನುಣುಪಾಗಿ ಸವೆದು, ಕೆಲವು ಕಡೆ ಕಪ್ಪಿಟ್ಟಿದ್ದರೆ ಆಯಿಲ್ ತೆಳುವಾಗಿತ್ತು ಅಥವಾ ಬರಲೇ ಇಲ್ಲ. ಮೇಲಿನ ಸಾಲಿನ ಶೆಲ್ಲುಗಳು ಮಾತ್ರ ಜಜ್ಜಿದಂತಿದ್ದರೆ ಎಂಜಿನ್ ನಾಕಿಂಗ್ ಹೊಡೆದಿದೆ (ಪೆಟ್ರೋಲು ಹದವಾಗಿ ಉರಿಯದೆ ಸಿಡಿದಿದೆ), ಇಗ್ನಿಷನ್ ಟೈಮಿಂಗ್ ನೋಡಬೇಕು. ಒಂದೇ ಅಂಚು, ಅದೂ ಮೇಲಿನ ಶೆಲ್ಲಿನಲ್ಲಿ ಎಡಕ್ಕೂ ಕೆಳಗಿನದರಲ್ಲಿ ಬಲಕ್ಕೂ ಸವೆದಿದ್ದರೆ ರಾಡು ಬಾಗಿದೆ. ಎರಡೂ ಅಂಚು ಸವೆದಿದ್ದರೆ ಗ್ರೈಂಡಿಂಗ್ ಮಾಡಿದವರು ಜರ್ನಲ್ಲಿನ ಮೂಲೆಯ ದುಂಡನ್ನು ದೊಡ್ಡದಾಗಿ ಬಿಟ್ಟಿದ್ದಾರೆ, ಶೆಲ್ಲು ಅದರ ಮೇಲೆ ಏರಿ ಕೂತಿದೆ. ಶೆಲ್ಲಿನ ಎರಡು ಅರ್ಧ ಸೇರುವ ತುದಿಗಳಲ್ಲಿ ಸವೆದಿದ್ದರೆ ಕ್ಯಾಪು ಅದಲು ಬದಲಾಗಿದೆ ಅಥವಾ ರಾಡಿನ ತೂತು ದುಂಡಗಿಲ್ಲ. ಆಮೇಲೆ ಶೆಲ್ಲನ್ನು ಮಗುಚಿ ಬೆನ್ನು ನೋಡಿ, ಇದನ್ನು ಬಹಳ ಜನ ಮರೆಯುತ್ತಾರೆ. ಬೆನ್ನಿನಲ್ಲಿ ಒಂದೇ ಚುಕ್ಕೆ ಹೊಳೆಯುತ್ತಿದ್ದರೆ ಕೂರಿಸುವಾಗ ಕಸ ಸಿಕ್ಕಿಕೊಂಡಿತ್ತು. ಇಡೀ ಬೆನ್ನು ಕನ್ನಡಿಯಂತಿದ್ದರೆ ಶೆಲ್ಲು ಬಿಗಿಯಾಗಿ ಕೂತಿರಲಿಲ್ಲ, ಅಲ್ಲಾಡುತ್ತಿತ್ತು.

ಬೇರಿಂಗು ಸಿಗದಿದ್ದರೆ ಈಗ ಗಾಡಿಯಲ್ಲಿರುವ ಆಯಿಲ್ ಫಿಲ್ಟರ್ ಬಿಚ್ಚಿ ಕೊಯ್ಯಿರಿ. ಒಳಗಿನ ಮಡಿಕೆ ಕಾಗದವನ್ನು ಕತ್ತರಿಸಿ, ವೈಸಿನಲ್ಲಿ ಹಿಂಡಿ, ಬಿಸಿಲಿಗೆ ಹಿಡಿದು ನೋಡಿ. ಅಯಸ್ಕಾಂತಕ್ಕೆ ಅಂಟುವ ಪುಡಿ ಇದ್ದರೆ ಕ್ಯಾಮ್, ಟ್ಯಾಪೆಟ್ಟಿನಂಥ ಕಬ್ಬಿಣ, ಉಕ್ಕಿನ ಭಾಗಗಳದ್ದು. ಅಂಟದ ತಾಮ್ರದ ಬಣ್ಣದ್ದು ಬೇರಿಂಗಿನ ನಡುವಿನ ಪದರ ಅಥವಾ ರಾಡಿನ ಮೇಲ್ತುದಿಯ ಬುಶ್. ಅಂಟದ ಬೆಳ್ಳಿ ಬಣ್ಣ ಬೇರಿಂಗಿನ ಮೇಲ್ಪದರವೋ ಪಿಸ್ಟನ್ನೋ ಇರಬಹುದು.

ಹೆಡ್ ಗ್ಯಾಸ್ಕೆಟ್ಟನ್ನು ನಾನು ಬೇರೆಯೇ ಕಾಯಿಲೆ ಎಂದು ನೋಡುತ್ತೇನೆ, ಆದರೆ ಕಾರಣದ ಜಾತಿ ಅದೇ, ಮುಟ್ಟದೆ ಬಿಟ್ಟ ಹಳೆಯ ಸಾಮಾನು. ಹಳೆಯ ಡಿಸ್ಟ್ರಿಬ್ಯೂಟರಿನೊಳಗೆ ಎರಡು ತೂಕಗಳಿರುತ್ತವೆ. ವೇಗ ಏರಿದಂತೆ ಅವು ಹೊರಕ್ಕೆ ಬಿರಿದು ಸ್ಪಾರ್ಕನ್ನು ಮುಂಚಿತಗೊಳಿಸಬೇಕು. ಹನ್ನೆರಡು ವರ್ಷದ ಒಣ ಗ್ರೀಸಿನಲ್ಲಿ ಅವು ಅಂಟಿಕೊಂಡಿದ್ದರೆ ಐಡ್ಲಿಂಗ್‌ನಲ್ಲಿ ಟೈಮಿಂಗ್ ಲೈಟ್ ಸರಿಯಾಗಿಯೇ ತೋರಿಸುತ್ತದೆ, ಏರಿನಲ್ಲಿ ಮಾತ್ರ ಬೆಂಕಿ ತಡವಾಗಿ ಹೊತ್ತಿ ಶಾಖವೆಲ್ಲ ಎಕ್ಸಾಸ್ಟ್ ದಾರಿಗೆ, ಅಲ್ಲಿಂದ ನೀರಿಗೆ ಹೋಗುತ್ತದೆ. ಮುಚ್ಚಳ ತೆಗೆದು ರೋಟರನ್ನು ತಿರುಗುವ ದಿಕ್ಕಿಗೆ ಕೈಯಲ್ಲಿ ತಿರುಗಿಸಿ ಬಿಡಿ, ಟಕ್ಕನೆ ಹಿಂದಕ್ಕೆ ಬರಬೇಕು. ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆದು ನೋಡಿ, ಒಳಗಿನ ತಟ್ಟೆ ಅಲ್ಲಾಡಬೇಕು, ಎಳೆದದ್ದು ನಿಲ್ಲಬೇಕು.

ಎಥೆನಾಲ್ ಇಲ್ಲೂ ಬರುತ್ತದೆ. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಶೇ 10 ಎಥೆನಾಲ್ ಇದ್ದರೆ ಸುಮಾರು 14.1, ಶೇ 20 ಇದ್ದರೆ ಸುಮಾರು 13.5. ಕಾರ್ಬ್ಯುರೇಟರಿನ ಹಳೆಯ ಜೆಟ್ಟು (ಪೆಟ್ರೋಲು ಬಿಡುವ ಸಣ್ಣ ತೂತು) ಅಳೆದು ಕೊಡುವುದು ಹಳೆಯ ಲೆಕ್ಕವನ್ನೇ. ಹಾಗಾಗಿ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗಿ ಓಡುತ್ತದೆ. ಜೆಟ್ ಒಂದೆರಡು ಸೈಜ್ ದೊಡ್ಡದು ಮಾಡುವುದು ಅಥವಾ ಜೆಟ್ಟಿನ ಸೂಜಿ ಬದಲಾಯಿಸುವುದು ಸಣ್ಣ ಕೆಲಸ.

ನೀರಿನ ಕಡೆಯಿಂದ ಹೇಳುವುದಾದರೆ, ಬಹಳ ದಿನ ನಿಂತ ಕಬ್ಬಿಣದ ಬ್ಲಾಕಿನ ಹಿಂಭಾಗದಲ್ಲಿ, ಕೊನೆಯ ಸಿಲಿಂಡರಿನ ಸುತ್ತ, ತುಕ್ಕು ಮತ್ತು ಎರಕದ ಮರಳು ಸೇರಿ ಕೆಸರು ಗಟ್ಟಿಕಟ್ಟಿರುತ್ತದೆ. ಬೋರ್ ಮಾಡಿಸಿದರೆ ಇದು ಹೋಗುವುದಿಲ್ಲ. ಕೋರ್ ಪ್ಲಗ್ (ಬ್ಲಾಕಿನ ನೀರಿನ ದಾರಿಯ ತೂತು ಮುಚ್ಚುವ ಲೋಹದ ಬಿಲ್ಲೆ) ಕಿತ್ತು ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಮುಷ್ಟಿಗಟ್ಟಲೆ ಬರುವುದನ್ನು ನೋಡಿದ್ದೇನೆ. ಗ್ಯಾಸ್ಕೆಟ್ ಎಲ್ಲಿ ಸುಟ್ಟಿತ್ತು ಎಂದು ನೀವು ಬರೆದಿಲ್ಲ. ಮೂರು ನಾಲ್ಕನೆಯ ಸಿಲಿಂಡರುಗಳ ನಡುವೆ ಎಂದಾದರೆ ನನ್ನ ಕೈ ನೇರ ಹಿಂದಿನ ಕೋರ್ ಪ್ಲಗ್ಗಿಗೆ ಹೋಗುತ್ತದೆ. ಜೊತೆಗೆ ಹೆಡ್ ಸ್ಟಡ್ಡುಗಳ ಬುಡದಲ್ಲಿ ಬ್ಲಾಕಿನ ಲೋಹ ದಿಬ್ಬದಂತೆ ಎದ್ದಿದೆಯೇ ಎಂದು ಬೆರಳಾಡಿಸಿ ನೋಡಿ. ಆ ದಿಬ್ಬವಿದ್ದರೆ ಹೊಸ ಗ್ಯಾಸ್ಕೆಟ್ಟೂ ಅಲ್ಲಿ ಸರಿಯಾಗಿ ಒತ್ತುವುದಿಲ್ಲ. ಥರ್ಮೋಸ್ಟಾಟ್ ಕಿತ್ತುಹಾಕಿ ಎಂದು ಯಾರಾದರೂ ಸಲಹೆ ಕೊಟ್ಟಿದ್ದರೆ ಕೇಳಬೇಡಿ. ಎಂಜಿನ್ ಬಿಸಿಯಾಗದೆ ಓಡಿದಷ್ಟೂ ಆಯಿಲಿಗೆ ಸೇರಿದ ಪೆಟ್ರೋಲು ಆವಿಯಾಗದೆ ಅಲ್ಲೇ ಉಳಿಯುತ್ತದೆ.

ಬ್ಲಾಕು ಸತ್ತಿದೆಯೇ ಎಂದು ಕೇಳಿದ್ದಿರಿ. ಎರಕದ ಕಬ್ಬಿಣದ ಬ್ಲಾಕಿಗೆ ಸುಸ್ತು ಎಂಬುದಿಲ್ಲ. ಬಿರುಕು ಬಿಟ್ಟಿರಬಹುದು, ಮೇನ್ ಬೇರಿಂಗಿನ ಸಾಲು ಒಂದೇ ರೇಖೆಯಲ್ಲಿ ಇಲ್ಲದಿರಬಹುದು. ಬಿರುಕಿಗೆ ಪ್ರೆಶರ್ ಟೆಸ್ಟ್ ಇದೆ, ಕಾಂತಪುಡಿಯ ಪರೀಕ್ಷೆ ಇದೆ. ಸಾಲು ತಪ್ಪಿದ್ದರೆ ಮೇನ್ ಶೆಲ್ಲುಗಳಲ್ಲಿ ನಡುವಿನದು ಎಲ್ಲಕ್ಕಿಂತ ಹೆಚ್ಚು ಸವೆದಿರುತ್ತದೆ. ನಿಮ್ಮದರಲ್ಲಿ ಎರಡೂ ಸಲ ಹೋದದ್ದು ಬಿಗ್ ಎಂಡ್, ಹಾಗಾಗಿ ಬ್ಲಾಕಿನ ಮೇಲೆ ನನಗೆ ಸದ್ಯ ಅನುಮಾನವಿಲ್ಲ. ಚಿಂತೆ ಇರುವುದು ಕ್ರ್ಯಾಂಕಿನದು. 30 ಥೌ ತಲುಪಿದ್ದೀರಿ. ಎಷ್ಟೋ ಎಂಜಿನ್‌ಗಳಿಗೆ 40ರ ಆಚೆ ಬೇರಿಂಗೇ ಸಿಗುವುದಿಲ್ಲ. ಇನ್ನೊಂದು ತಪ್ಪಿಗೆ ಮಾತ್ರ ಜಾಗ ಉಳಿದಿದೆ.

ಹಾಗಾದರೆ ಮುಂದೇನು? ಮೊದಲು ಗಾಡಿ ಓಡಿಸುವುದನ್ನು ನಿಲ್ಲಿಸಿ. ದೀಪದ ಸ್ವಿಚ್ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಸುತ್ತ ಹೊತ್ತಿಕೊಳ್ಳುತ್ತದೆ, ಅದು ಮಿಣುಕುವ ಹೊತ್ತಿಗೆ ಬಹಳ ಹತ್ತಿರ ಬಂದಾಗಿರುತ್ತದೆ. ಪೆಟ್ರೋಲ್ ಪಂಪು, ಕಾರ್ಬ್ಯುರೇಟರ್ ಪರೀಕ್ಷಿಸಿ ಸೋರಿಕೆ ನಿಲ್ಲಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಸ್ವಿಚ್ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ ಬಿಸಿ ಎಂಜಿನ್ನಿನಲ್ಲಿ ನೋಡಿ. ಪ್ರತಿ 1,000 ಆರ್‌ಪಿಎಮ್‌ಗೆ 10 ಪಿಎಸ್‌ಐ ಎಂಬ ಹಳೆಯ ಅಳತೆಗೋಲಿನ ಹತ್ತಿರ ಬಂದರೆ, ಫಿಲ್ಟರಿನಲ್ಲಿ ಲೋಹವೂ ಇಲ್ಲದಿದ್ದರೆ, ಕೂಲರ್ ತೆಗೆದುಹಾಕಿ ಎಚ್ಚರದಿಂದ ಓಡಿಸಿ ನೋಡುವ ದಾರಿ ಇದೆ. ಇದು ಅಗ್ಗದ ದಾರಿ, ಅಪಾಯವೂ ಇದೆ: ಪೆಟ್ರೋಲು ಬೆರೆತ ಆಯಿಲಿನಲ್ಲಿ ಓಡಿದ ಬೇರಿಂಗ್ ಎಷ್ಟು ಸವೆದಿದೆ ಎಂದು ತಿಳಿಯದೆಯೇ ಓಡಿಸುತ್ತೀರಿ. ನಡುವಿನ ದಾರಿ, ಸಂಪು ಮಾತ್ರ ಇಳಿಸಿ ಎರಡು ಕ್ಯಾಪ್ ಬಿಚ್ಚಿ ಶೆಲ್ಲು ನೋಡಿ, ಪ್ಲಾಸ್ಟಿಗೇಜ್ (ಒತ್ತಿದಷ್ಟೂ ಅಗಲವಾಗುವ ಮೆತ್ತನೆ ಪ್ಲಾಸ್ಟಿಕ್) ಎಳೆ ಇಟ್ಟು ಬಿಗಿದು ಸಂದು ಅಳೆಯುವುದು. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಇಳಿಸದೆಯೇ ಆಗುತ್ತದೆ. ನನ್ನ ಗಾಡಿಯಾಗಿದ್ದರೆ ನಾನು ಇದನ್ನೇ ಮಾಡುತ್ತಿದ್ದೆ.

ಗೇಜು ಕೆಳಗೇ ಇದ್ದರೆ, ಅಥವಾ ಶೆಲ್ಲಿನಲ್ಲಿ ಕೆಂಪು ಕಂಡರೆ, ಇಳಿಸಲೇಬೇಕು. ಆಗ ಬೇರೆಯವರ ಹತ್ತಿರ ಹೋಗುತ್ತೀರೋ ಹಳಬರ ಹತ್ತಿರವೇ ಹೋಗುತ್ತೀರೋ ನಿಮಗೆ ಬಿಟ್ಟದ್ದು. ಎಲ್ಲಿಗೇ ಹೋದರೂ ಒಂದು ಷರತ್ತು ಹಾಕಿ, ಅಳತೆ ಬರೆದುಕೊಡಬೇಕು. ಪ್ರತಿ ಜರ್ನಲ್ಲಿನ ವ್ಯಾಸ ಎರಡು ಕಡೆ ಎರಡು ದಿಕ್ಕಿನಲ್ಲಿ, ರಾಡಿನ ತೂತಿನ ದುಂಡುತನ, ಬೇರಿಂಗ್ ಸಂದು, ರಿಂಗಿನ ಬಾಯಿ ಬಿಡುವು, ಬ್ಲಾಕಿನ ಮುಖದ ಮಟ್ಟ, ಕ್ರ್ಯಾಂಕಿನ ಮುಂದು ಹಿಂದಿನ ಆಟ. ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಮೂವರು ಒಬ್ಬರ ಮೇಲೊಬ್ಬರು ಹಾಕುತ್ತಿದ್ದಾರಲ್ಲ, ಮೂವರ ಹತ್ತಿರವೂ ಈ ಹಾಳೆ ಇಲ್ಲದ್ದರಿಂದಲೇ ಅದು ಸಾಧ್ಯವಾಗಿದೆ. ಬರೆದುಕೊಡಲು ಹಿಂದೇಟು ಹಾಕುವವರಿಗೆ ಎಂಜಿನ್ ಕೊಡಬೇಡಿ, ಅವರ ಕೈ ಎಷ್ಟೇ ಪಳಗಿದ್ದರೂ. ನಿಮ್ಮ ಮೆಕ್ಯಾನಿಕ್ ಪರವಾಗಿ ಒಂದು ಮಾತು: ‘ಎಂಜಿನ್ ಕೆಲಸ’ ಎಂದು ಒಪ್ಪಿಸಿದಾಗ ಪೆಟ್ರೋಲ್ ಪಂಪು ಅದರಲ್ಲಿ ಸೇರಿದೆ ಎಂದು ಬಹಳ ಜನ ತಿಳಿಯುವುದಿಲ್ಲ. ನೀವೂ ಕೇಳಿಲ್ಲ, ಅವರೂ ಮುಟ್ಟಿಲ್ಲ.

ಹೊಸ ಕಾಲದ ಎಂಜಿನ್ ಕೂರಿಸುವುದು ಕೇಳಲು ಸುಲಭ. ಮೌಂಟಿಂಗ್, ಗೇರ್‌ಬಾಕ್ಸ್, ರೇಡಿಯೇಟರ್, ವೈರಿಂಗ್, ಬ್ರೇಕು ಎಲ್ಲ ಹಿಂದೆಯೇ ಬರುತ್ತವೆ, ಜೊತೆಗೆ ನೋಂದಣಿ ಕಾಗದದ ತಲೆನೋವು. ಅಪ್ಪನ ಗಾಡಿ ಎಂದು ಬರೆದಿದ್ದೀರಿ, ಅದಕ್ಕೇ ನಾನು ಆ ದಾರಿಯನ್ನು ಕೊನೆಗೆ ಇಡುತ್ತೇನೆ. ಅದೇ ಮಾದರಿಯ ಇನ್ನೊಂದು ಹಳೆಯ ಎಂಜಿನ್ ಅಥವಾ ಕ್ರ್ಯಾಂಕ್ ಸಿಕ್ಕರೆ ಕೊಂಡು ಇಟ್ಟುಕೊಳ್ಳುವುದು ಇದಕ್ಕಿಂತ ಜಾಣತನ. ಇನ್ನು ಮೆಕ್ಯಾನಿಕಲ್ ಪಂಪಿನ ಸಹವಾಸವೇ ಬೇಡ ಎನಿಸಿ ಎಲೆಕ್ಟ್ರಿಕ್ ಪಂಪ್ ಹಾಕುವುದಾದರೆ 3 ಪಿಎಸ್‌ಐ ಸುತ್ತಲಿನದನ್ನೇ ಹಾಕಿ, ಒತ್ತಡ ಹೆಚ್ಚಾದರೆ ಫ್ಲೋಟಿನ ಸೂಜಿ ತಡೆಯುವುದಿಲ್ಲ. ಅಪಘಾತವಾದರೆ ಪಂಪು ತಾನಾಗಿ ನಿಲ್ಲುವ ಸ್ವಿಚ್ಚು ಮರೆಯಬೇಡಿ.

ನಾಲ್ಕನೆಯ ಸಲ ಕೂಡಿಸುವ ಪ್ರಸಂಗ ಬಂದರೆ ಸ್ಟಾರ್ಟ್ ಮಾಡುವ ದಿನ ನೀವೇ ಅಲ್ಲಿರಿ. ಪ್ಲಗ್ ಬಿಚ್ಚಿಟ್ಟು ಗೇಜಿನಲ್ಲಿ ಆಯಿಲ್ ಒತ್ತಡ ಕಾಣುವ ತನಕ ತಿರುಗಿಸಬೇಕು. ಹೊಸ ಕ್ಯಾಮ್ ಹಾಕಿದ್ದರೆ ಮಾತ್ರ ಹೀಗೆ ಸ್ಟಾರ್ಟರಿನಲ್ಲಿ ಸುತ್ತಿಸದೆ, ಆಯಿಲ್ ಪಂಪನ್ನೇ ಹೊರಗಿನಿಂದ ತಿರುಗಿಸಿಯೋ ಗ್ಯಾಲರಿಗೆ ಒತ್ತಡದಲ್ಲಿ ಆಯಿಲ್ ತುಂಬಿಸಿಯೋ ಕೊಡಬೇಕು. ಆಗ ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್‌ಗೆ ಬಿಡದೆ ಇಪ್ಪತ್ತು ನಿಮಿಷ 2,000ದಿಂದ 2,500ರ ನಡುವೆ ಏರಿಳಿಸುತ್ತ ಓಡಿಸಬೇಕು, ಇಲ್ಲದಿದ್ದರೆ ಕ್ಯಾಮಿನ ಮೂಗು ಅಲ್ಲೇ ಸವೆಯುತ್ತದೆ. ಹೊಸ ಎಂಜಿನ್ ಎಂದು ತಿಂಗಳುಗಟ್ಟಲೆ ಮೆಲ್ಲಗೆ ಓಡಿಸುವುದೂ ಬೇಡ, ರಿಂಗು ಬೋರಿಗೆ ಹೊಂದಿಕೊಳ್ಳಲು ಮಧ್ಯಮ ಭಾರ ಬೇಕೇ ಬೇಕು. ಮೊದಲ ಆಯಿಲನ್ನು ಆ ದಿನವೇ ಇಳಿಸಿ ಫಿಲ್ಟರ್ ಕೊಯ್ದು ನೋಡಿ.

ಸದ್ಯಕ್ಕೆ ಇಷ್ಟು: ಡಿಪ್‌ಸ್ಟಿಕ್ ಮೂಸಿ, ಪಂಪು ಬಿಚ್ಚಿ, ಶೆಲ್ಲುಗಳನ್ನು ಹುಡುಕಿ. ಪಂಪಿನ ಲಿವರ್ ಬುಡ ಒಣಗಿಯೇ ಇದ್ದು, ಕಾರ್ಬ್ಯುರೇಟರೂ ಸರಿಯಿದ್ದರೆ ನನ್ನ ಮೊದಲ ಊಹೆ ತಪ್ಪು. ಆಗ ಆ ಎಂಟು ಜೊತೆ ಶೆಲ್ಲುಗಳ ಫೋಟೊ ಕಳಿಸಿ, ಮುಖದ್ದೊಂದು, ಬೆನ್ನಿನದೊಂದು, ಹಗಲು ಬೆಳಕಿನಲ್ಲಿ ತೆಗೆದದ್ದು.